ಟ್ರಂಕಿನಲ್ಲಿ ಉಳಿದವು



ಕಳೆದ ವಾರ ಮನೆಗೆ ಸುಣ್ಣಬಣ್ಣ ಮಾಡಿಸುವ ಗಡಿಬಿಡಿಯಲ್ಲಿ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಕೆಳಗಿಳಿಯಿತು. "ಮಾವ, ಇದನ್ನಾದರೂ ರದ್ದಿಯವರಿಗೆ ಹಾಕಬಹುದೇ?" ಎಂದು ಸೊಸೆ ವಿನಯದಿಂದಲೇ ಕೇಳಿದಳು. ಒಳಗಿದ್ದುದು ಹಳೆಯ ಹಾಜರಿ ಪುಸ್ತಕಗಳು. ಅವುಗಳಲ್ಲಿ ಉಳಿದ ಖಾಲಿ ಹಾಳೆಗಳಿಗೆ ನಾನು ಮೂವತ್ತು ವರ್ಷಗಳ ಕಾಲ ಮೈದಾ ಅಂಟಿನಿಂದ ಹಚ್ಚಿದ್ದ, ಪತ್ರಿಕೆಗಳಿಂದ ಕತ್ತರಿಸಿ ತೆಗೆದ ಕಾಮಿಕ್ ಚಿತ್ರಪಟ್ಟಿಗಳು. ಅಂಟಿನ ರುಚಿಗೆ ಬಂದ ಬೆಳ್ಳಿಹುಳುಗಳು ತಮ್ಮ ಪಾಲನ್ನು ಆಗಲೇ ತಿಂದು ಮುಗಿಸಿದ್ದವು. ಕಡೆಗೆ ಒಂದು ಒಪ್ಪಂದವಾಯಿತು: ಅರ್ಧ ಉಳಿಯಬೇಕು, ಅರ್ಧ ಹೋಗಬೇಕು. ಆಯ್ಕೆಯ ಭಾರ ನನ್ನದು.

ಪರೀಕ್ಷೆಯ ಪತ್ರಿಕೆಗಳನ್ನು ಮೌಲ್ಯಮಾಪನ ಮಾಡಿದ ಕೈಗೆ ಇದು ಕಷ್ಟವಾಗಬಾರದೆಂದು ಭಾವಿಸಿದ್ದೆ. ಆದರೆ ನಾಲ್ಕು ದಿನ ಹಿಡಿಯಿತು.

ಮೊದಲು ಕೈಗೆ ಬಂದದ್ದು ಆರ್.ಕೆ. ಲಕ್ಷ್ಮಣರ ಚಿತ್ರಗಳು. ಇವು ಪಟ್ಟಿಗಳಲ್ಲ, ಒಂದೇ ಚೌಕಟ್ಟಿನವು ಎಂದು ನಿಮ್ಮಲ್ಲಿ ಯಾರಾದರೂ ಆಕ್ಷೇಪಿಸಬಹುದು. ಆದರೆ 1951ರಲ್ಲಿ ಆರಂಭವಾಗಿ ದಶಕಗಳ ಕಾಲ ದಿನವೂ ಅದೇ ಚೌಕಳಿ ಕೋಟಿನ, ಅದೇ ಪಂಚೆಯ ಮನುಷ್ಯ ಮೌನವಾಗಿ ನಿಂತು ನೋಡುತ್ತಿದ್ದನೆಂದರೆ ಅದು ಒಂದು ಸುದೀರ್ಘ ಕಥೆಯೇ ಸರಿ. ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಈ ಮಹಾನುಭಾವರು ಮುಂಬಯಿಗೆ ಹೋಗುವ ಮುನ್ನ ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೆ ಚಿತ್ರ ಬರೆದವರು. ಹಾಗಾಗಿ ಆ ಮೂಕ ಸಾಮಾನ್ಯನ ಮೇಲೆ ನಮಗೂ ಸ್ವಲ್ಪ ಹಕ್ಕಿದೆ ಎಂದು ನಾನು ಲಾಗಾಯ್ತಿನಿಂದ ನಂಬಿದ್ದೇನೆ.

ಇಲ್ಲಿಯೇ ನನ್ನ ಅವಿವೇಕ ಬಯಲಾಯಿತು. ಚಿತ್ರವನ್ನು ಅಂದವಾಗಿ, ಅಂಚು ಓರೆಯಾಗದಂತೆ ಕತ್ತರಿಸಿದ್ದೇನೆ. ತಾರೀಖನ್ನು ಮಾತ್ರ ಉಳಿಸಿಲ್ಲ. ಮಂತ್ರಿಯೊಬ್ಬರು ಯಾವುದೋ ಸೇತುವೆಯ ಮುಂದೆ ಬೆವರುತ್ತಿದ್ದಾರೆ. ಯಾವ ಸೇತುವೆ, ಯಾರ ಕಾಲ? ಇತಿಹಾಸ ಪಾಠದಲ್ಲಿ ಇಸವಿ ಮರೆತವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ಈಗ ಸ್ವತಃ ಬೆಂಚು ಹತ್ತಬೇಕು. ಡೆಕ್ಕನ್ ಹೆರಾಲ್ಡಿನಲ್ಲಿ ಬಿ.ವಿ. ರಾಮಮೂರ್ತಿಯವರು ಬರೆದ ‘ಮಿಸ್ಟರ್ ಸಿಟಿಜನ್’ ಚಿತ್ರಗಳದ್ದೂ ಇದೇ ಗತಿ. ಆದರೂ ಒಂದು ವಿಚಿತ್ರವನ್ನು ಕಂಡೆ: ಸುದ್ದಿ ಸತ್ತ ಮೇಲೂ ಹತ್ತರಲ್ಲಿ ಮೂರು ಚಿತ್ರಗಳಾದರೂ ನಗಿಸುತ್ತವೆ. ಗುಂಡಿ ಬಿದ್ದ ರಸ್ತೆಗೆ, ಬಾರದ ನಲ್ಲಿ ನೀರಿಗೆ ತಾರೀಖಿನ ಹಂಗಿಲ್ಲವಲ್ಲ! ಆ ಮೂರನ್ನು ಇಟ್ಟೆ. ಉಳಿದವನ್ನು ಭಾರವಾದ ಮನಸ್ಸಿನಿಂದ ಬಿಟ್ಟೆ.

ಇಂಗ್ಲಿಷ್ ಪತ್ರಿಕೆಗಳ ಹಾಸ್ಯಪುಟದಿಂದ ಬಂದವುಗಳ ವಿಷಯದಲ್ಲಿ ನಾನು ನಿರ್ದಾಕ್ಷಿಣ್ಯನಾದೆ. ಗಾರ್ಫೀಲ್ಡ್ ಎಂಬ ಸೋಮಾರಿ ಬೆಕ್ಕಿನ ಹಾಳೆಗಳಲ್ಲಿ ಎಂಟು ಉಳಿದರೆ ಸಾಕು. ಒಂಬತ್ತನೆಯದು ಮೊದಲನೆಯದರಂತೆಯೇ ಇದೆ. ಬೀಟಲ್ ಬೈಲಿ ರದ್ದಿಗೆ ಹೋದ. ಬ್ಲಾಂಡಿ ಕೂಡ.

‘ಪೀನಟ್ಸ್’ನ ಒಂದು ತುಣುಕನ್ನೂ ಬಿಡಲಾಗಲಿಲ್ಲ. ಚಾರ್ಲ್ಸ್ ಶುಲ್ಜ್ ಇದನ್ನು 1950ರ ಅಕ್ಟೋಬರಿನಿಂದ 2000ದ ಫೆಬ್ರವರಿಯವರೆಗೆ ಸಹಾಯಕರಿಲ್ಲದೆ ತಾವೊಬ್ಬರೇ ಬರೆದರು. ಒಟ್ಟು 17,897 ಪಟ್ಟಿಗಳು. ಅವರು ತೀರಿಕೊಂಡ ಮರುದಿನವೇ ಕೊನೆಯ ಪಟ್ಟಿ ಅಚ್ಚಾಯಿತು. ಅದರಲ್ಲಿ ದೊಡ್ಡವರು ಚೌಕಟ್ಟಿನೊಳಗೆ ಬರುವುದಿಲ್ಲ. ಲೈನಸ್ ಎಂಬ ಹುಡುಗ ಆರಾಧಿಸುವ ಮಿಸ್ ಆಥ್ಮರ್ ಎಂಬ ಉಪಾಧ್ಯಾಯಿನಿಯನ್ನು ನಾವು ಅವನ ಮಾತಿನ ಮೂಲಕವಷ್ಟೇ ಬಲ್ಲೆವು. ಮಕ್ಕಳ ಲೋಕದಲ್ಲಿ ನಮ್ಮಂತಹ ಉಪಾಧ್ಯಾಯರ ಸ್ಥಾನ ವಾಸ್ತವದಲ್ಲಿ ಎಷ್ಟೆಂಬುದು ಇದನ್ನು ಓದುವಾಗ ನನಗೆ ಅರಿವಾಯಿತು. ಇನ್ನು ಚಾರ್ಲಿ ಬ್ರೌನ್! ವರ್ಷ ವರ್ಷವೂ ಲೂಸಿ ಚೆಂಡನ್ನು ಎಳೆದುಕೊಳ್ಳುತ್ತಾಳೆ, ವರ್ಷ ವರ್ಷವೂ ಇವನು ನಂಬಿ ಓಡಿ ಬಂದು ಅಂಗಾತ ಬೀಳುತ್ತಾನೆ. ಕೊನೆಯ ಬೆಂಚಿನ ಕೆಲವು ಮುಖಗಳು ಕಣ್ಣ ಮುಂದೆ ಸುಳಿದವು. ಹೆಸರು ಹೇಳಲಾರೆ, ಅವರಲ್ಲಿ ಇಬ್ಬರು ಈಗ ಅಜ್ಜಂದಿರು.

‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಕೂಡ ಇಡಿಯಾಗಿ ಉಳಿಯಿತು. ಅಲ್ಲಿನ ಆರು ವರ್ಷದ ಪೋರನ ಕಣ್ಣಿಗೆ ಪಾಠ ಹೇಳುವ ಮಿಸ್ ವರ್ಮ್‌ವುಡ್ ಅನ್ಯಗ್ರಹದ ರಾಕ್ಷಸಿಯಾಗಿ ಬದಲಾಗುತ್ತಾಳೆ. ನಾನು ಭಾಗಾಕಾರ ಕಲಿಸುವಾಗ ಕಿಟಕಿಯಾಚೆ ದೃಷ್ಟಿ ನೆಟ್ಟು ಕುಳಿತಿರುತ್ತಿದ್ದ ನಿಮ್ಮಲ್ಲಿ ಎಷ್ಟು ಮಂದಿಗೆ ನನಗೂ ಕೊಂಬುಗಳು ಕಂಡಿದ್ದವೋ! ಬಿಲ್ ವಾಟರ್ಸನ್ ಇದನ್ನು 1985ರ ನವೆಂಬರಿನಲ್ಲಿ ಆರಂಭಿಸಿ 1995ರ ಡಿಸೆಂಬರ್ 31ಕ್ಕೆ ತಾವಾಗಿಯೇ ನಿಲ್ಲಿಸಿದರು. ಹುಲಿಯ ಬೊಂಬೆ ಮಾರಿ ಹಣ ಗಳಿಸುವ ಅವಕಾಶ ಕೈಯಲ್ಲಿದ್ದರೂ ಒಪ್ಪಲಿಲ್ಲ. ಹಾಬ್ಸ್ ಜೀವಂತನೋ ಬೊಂಬೆಯೋ ಎಂಬುದು ಆ ಕಥೆಯ ಜೀವಾಳವಾಗಿರುವಾಗ ಅವನನ್ನು ಅಂಗಡಿಯಲ್ಲಿ ತೂಗುಹಾಕಿದರೆ ಏನುಳಿಯುತ್ತದೆ?

ಪತ್ರಿಕೆಗಳವರ ವಿಷಯದಲ್ಲಿ ನನ್ನದೊಂದು ತಕರಾರಿದೆ. ಶುಲ್ಜ್ ತಮ್ಮ ನಂತರ ಬೇರೆಯವರು ಬರೆಯಕೂಡದೆಂದು ಬಯಸಿದರು, ಹಾಗೆಯೇ ಆಯಿತು. ಆದರೆ 1930ರಲ್ಲಿ ಹುಟ್ಟಿದ ಬ್ಲಾಂಡಿ, ಕರ್ತೃ ಚಿಕ್ ಯಂಗ್ 1973ರಲ್ಲಿ ತೀರಿಕೊಂಡ ಮೇಲೂ ಮಗನ ಉಸ್ತುವಾರಿಯಲ್ಲಿ ಮುಂದುವರಿಯಿತು. ಒಂದೇ ಪಟ್ಟಿಯನ್ನು ನೂರಾರು ಪತ್ರಿಕೆಗಳಿಗೆ ಹಂಚುವ ಸಂಸ್ಥೆಗಳಿಂದ ಕೊಳ್ಳುವುದು ಅಗ್ಗ. ನಿಲ್ಲಿಸಿದರೆ ಹಳೆಯ ಓದುಗರು ಮುನಿಸಿಕೊಂಡು ಪತ್ರ ಬರೆಯುತ್ತಾರೆ. ಹಾಗಾಗಿ ಹಳೆಯವು ಕದಲುವುದಿಲ್ಲ. ನಮ್ಮೂರಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಯೋಚಿಸಿ, ಕನ್ನಡದ ಮನೆಯೊಂದರ ಕಥೆಯನ್ನು ದಿನಕ್ಕೆ ನಾಲ್ಕು ಚೌಕದಲ್ಲಿ ಬರೆಯಬಲ್ಲಳೆಂದಾದರೆ ಅವಳಿಗೆ ಜಾಗವೆಲ್ಲಿ? ಕರ್ತೃವಿನೊಡನೆ ಪಟ್ಟಿಯೂ ವಿಶ್ರಾಂತಿ ಪಡೆಯಲಿ. ನನ್ನನ್ನು ಐವತ್ತೆಂಟಕ್ಕೆ ನಿವೃತ್ತಿಗೊಳಿಸಿದ ಲೋಕ ಬ್ಲಾಂಡಿಗೆ ಮಾತ್ರ ವಿನಾಯಿತಿ ಕೊಡುವುದೇಕೆ?

ಈಗ ಫ್ಯಾಂಟಮ್. ‘ಸುಧಾ’ದಲ್ಲಿ ವಾರ ವಾರ ಕಾದು ಓದಿದ ನಡೆದಾಡುವ ಭೂತ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕುಧಾರಿ ನಮ್ಮ ಇಂದ್ರಜಾಲ ಕಾಮಿಕ್ಸಿನಲ್ಲಿ ಡೆಂಕಾಲಿಯ ಕಾಡಿನಲ್ಲಿ ನೆಲೆಸಿದ್ದ. ಮೂಲದ ಬೆಂಗಾಲ್ಲಾ ಎಂಬ ಹೆಸರು ಬಂಗಾಳವನ್ನು ನೆನಪಿಸೀತೆಂದು ಹೆಸರು ಬದಲಾಯಿಸಿದರೋ ಏನೋ. ಹಾಳೆಗಳನ್ನು ಮೊಮ್ಮಗಳಿಗೆ ಓದಿ ಹೇಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಕಾಡಿನವರಿಗೆ ತಮ್ಮ ಕಾಡನ್ನು ತಾವೇ ಕಾಯೋಕೆ ಬರ್ತಿರಲಿಲ್ವಾ?" ಎಂದಳು. ನಾನೂರು ವರ್ಷ, ತಂದೆಯಿಂದ ಮಗನಿಗೆ, ಹೊರಗಿನಿಂದ ಬಂದ ಬಿಳಿಯರ ಒಂದೇ ವಂಶ ತಲೆಬುರುಡೆಯ ಆಸನದಲ್ಲಿ ಕುಳಿತು ನ್ಯಾಯ ಹೇಳುತ್ತದೆ. ಕಾಡಿನವರು ಕೈಕಟ್ಟಿ ಕೇಳುತ್ತಾರೆ. ಬ್ರಿಟಿಷರ ಆಳ್ವಿಕೆಯನ್ನು ಅಷ್ಟು ಆವೇಶದಿಂದ ಪಾಠ ಮಾಡಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಆದರೂ ಎಸೆಯಲಿಲ್ಲ. ಮೊಮ್ಮಗಳ ಪ್ರಶ್ನೆಯನ್ನು ಹಾಳೆಯ ಅಂಚಿನಲ್ಲಿ ಬರೆದು, ಈ ಸಲ ತಾರೀಖನ್ನೂ ಹಾಕಿ ಇಟ್ಟಿದ್ದೇನೆ.

ಎಸೆಯದಿರಲು ಇನ್ನೊಂದು ಕಾರಣವೂ ಇದೆ. ಒಮ್ಮೆ ಏಳನೆಯ ತರಗತಿಯಲ್ಲಿ ಹುಡುಗನೊಬ್ಬ ಸಮಾಜ ಪುಸ್ತಕದೊಳಗೆ ಇಂದ್ರಜಾಲದ ಫ್ಯಾಂಟಮ್ ಸಂಚಿಕೆಯನ್ನಿಟ್ಟು ಓದುತ್ತಿದ್ದ. ನಾನು ಅದನ್ನು ಕಸಿದು ಇಡೀ ತರಗತಿಯೆದುರು ಹರಿದು ಹಾಕಿದೆ. ಅದು ಬಾಡಿಗೆ ಪುಸ್ತಕದಂಗಡಿಯದೆಂದೂ, ದಂಡ ಕಟ್ಟಲು ಅವನು ಎರಡು ಭಾನುವಾರ ಹೋಟೆಲೊಂದರಲ್ಲಿ ಲೋಟ ತೊಳೆದನೆಂದೂ ಅವನ ಜೊತೆಗಾರನಿಂದ ಆಮೇಲೆ ತಿಳಿಯಿತು. ಅಂದು ಸಂಜೆ ಸ್ಟಾಫ್ ರೂಮಿನಲ್ಲಿ ಕುಳಿತು, ಪತ್ರಿಕೆಯ ಅದೇ ಪುಟವನ್ನು ನಗುತ್ತಾ ಓದಿದವನು ನಾನು. ಮಕ್ಕಳಿಗೆ ಅಪರಾಧವಾದದ್ದು ನನಗೆ ಹವ್ಯಾಸವಾಗಿತ್ತು.

ಕೆಲವು ವರ್ಷಗಳ ನಂತರ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಅದೇ ಸಂಚಿಕೆ ಕಣ್ಣಿಗೆ ಬಿತ್ತು. ಕೊಂಡುಕೊಂಡೆ. ಅಷ್ಟರಲ್ಲಿ ಅವರ ಕುಟುಂಬ ಊರು ಬಿಟ್ಟಿತ್ತು. ಟ್ರಂಕಿನ ತಳದಲ್ಲಿ, ಖಾಕಿ ಹೊದಿಕೆಯೊಳಗೆ, ಹುಳು ತಾಕದೆ ಅದು ಹಾಗೆಯೇ ಇದೆ. ಅವನ ಹೆಸರನ್ನು ಇಲ್ಲಿ ಬರೆಯಲಾರೆ. ಆ ವರ್ಷ ಏಳನೆಯ ತರಗತಿಯಲ್ಲಿದ್ದವರಿಗೆ ಯಾರೆಂದು ತಿಳಿದಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅವನ ವಿಳಾಸ ಗೊತ್ತಿದ್ದರೆ ದಯಮಾಡಿ ತಿಳಿಸಿ. ಅಂಚೆಯಲ್ಲಿ ಕಳಿಸುವುದಿಲ್ಲ; ನಾನೇ ಹೋಗಿ ಕೊಟ್ಟು ಬರುತ್ತೇನೆ.