ಸೋರಿ ಬಂದ ಬೆಳಕಿನ ಲೆಕ್ಕ

'ಹಬಲ್‌ಗೆ ಕಾಣದ್ದು ನಮ್ಮ ಆಸ್ಟ್ರೋಸ್ಯಾಟ್‌ಗೆ ಕಂಡಿತು' ಅಂತ ನಮ್ಮಲ್ಲಿ ಕೆಲವರು ಎದೆ ತಟ್ಟಿಕೊಳ್ಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಹೆಮ್ಮೆ ಪಡಬೇಕಾದದ್ದು ಬೇರೆ ಕಡೆ ಇದೆ ಎಂಬುದು ನನ್ನ ವಾದ.

ಮೊದಲು ವಿಷಯ ನೋಡೋಣ. ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಎಲ್ಲೆಲ್ಲೂ ಪರಮಾಣುಗಳಾಗಿ ಕೂಡಿಕೊಂಡ ಅನಿಲ, ಬಹುಪಾಲು ಹೈಡ್ರೋಜನ್. ಸುಮಾರು ನೂರು ಕೋಟಿ ವರ್ಷ ಆಗುವಷ್ಟರಲ್ಲಿ ಆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಮತ್ತೆ ಬೇರೆಯಾಗಿದ್ದವು. ಬೇರೆ ಮಾಡಿದ್ದು ಯಾರು? 91.2 ನ್ಯಾನೋಮೀಟರಿಗಿಂತ ಕಡಿಮೆ ಅಲೆಯುದ್ದದ ನೇರಳಾತೀತ ಬೆಳಕಿಗೆ ಆ ಶಕ್ತಿ ಉಂಟು. ಎಳೆಯ, ಬಿಸಿ ನಕ್ಷತ್ರಗಳು ಅದನ್ನು ಹುಟ್ಟಿಸುತ್ತವೆ. ಆದರೆ ಗ್ಯಾಲಕ್ಸಿಯೊಳಗಿನ ಅನಿಲವೇ ಅದರಲ್ಲಿ ಹೆಚ್ಚಿನದನ್ನು ನುಂಗಿಬಿಡುತ್ತದೆ. ನಮ್ಮ ಕಾಮರ್ಸಿನವರ ಭಾಷೆಯಲ್ಲಿ ಹೇಳುವುದಾದರೆ, ಸಂಪಾದನೆ ಗೊತ್ತು, ಮನೆಖರ್ಚು ಕಳೆದು ಹೊರಗೆ ಹೋದದ್ದೆಷ್ಟು ಅಂತ ಗೊತ್ತಿಲ್ಲ. ಅದು ಸಿಗದೆ ವಿಶ್ವದ ಖಾತೆ ತಾಳೆಯಾಗುವುದಿಲ್ಲ.

ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು. ಅದರ ನೇರಳಾತೀತ ದೂರದರ್ಶಕವನ್ನು ಕಟ್ಟುವುದರಲ್ಲಿ ಮುಂದಾಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಕನ್ನಡಿಯ ಅಗಲ 37.5 ಸೆಂಟಿಮೀಟರ್, ಹಬಲ್‌ನದು 2.4 ಮೀಟರ್! 2016ರ ಅಕ್ಟೋಬರಿನಲ್ಲಿ 28 ಗಂಟೆಗೂ ಹೆಚ್ಚು ಕಾಲ ಆಕಾಶದ ಒಂದೇ ತುಂಡನ್ನು ನೋಡಿದಾಗ, 930 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಇಂಥ ಬೆಳಕು ಅದಕ್ಕೆ ಸಿಕ್ಕಿತು. ಕನ್ನಡಿ ಚಿಕ್ಕದಾದರೂ ಅದರ ಉಪಕರಣದೊಳಗಿನ ಗದ್ದಲ ಬಹಳ ಕಡಿಮೆ. ಅದೇ ಕೆಲಸಕ್ಕೆ ಬಂತು.

ಇನ್ನು ಸೋಲು-ಗೆಲುವಿನ ಮಾತು. ಆ ಗ್ಯಾಲಕ್ಸಿ ಇರುವುದು ಹಬಲ್ ಆಳವಾಗಿ ಚಿತ್ರ ತೆಗೆದಿಟ್ಟ ಜಾಗದಲ್ಲೇ. ಆ ಚಿತ್ರಗಳಿಲ್ಲದೆ ಬೆಳಕು ಯಾರದು ಅಂತ ಖಚಿತವಾಗಿ ಹೇಳುವುದು ಹೇಗೆ? ಹಾಗಿರುವಾಗ ಹಬಲ್ ಸೋತಿತು ಅನ್ನುವುದು, ಸಾಕ್ಷಿ ಹೇಳಿದವನನ್ನೇ ಬೈದ ಹಾಗೆ.

ನನಗೆ ದೊಡ್ಡದಾಗಿ ಕಾಣುವುದು ಬೇರೆ. ನಮ್ಮ ಪುಣೆಯ ಐಯುಕಾದ ಕನಕ್ ಸಾಹಾ ಅವರ ತಂಡ ಬೆಳಕು ಸಿಕ್ಕ ಕೂಡಲೇ ಡಂಗುರ ಸಾರಲಿಲ್ಲ. ನಡುವೆ ಬೇರೆ ಯಾವುದಾದರೂ ಹತ್ತಿರದ ಗ್ಯಾಲಕ್ಸಿ ಅಡ್ಡ ಬಂದಿದೆಯೇ, ಇದು ಬರೀ ಗದ್ದಲವೇ ಅಂತ ಸುಮಾರು ಎರಡು ವರ್ಷ ತಮ್ಮ ಲೆಕ್ಕವನ್ನು ತಾವೇ ಆಡಿಟ್ ಮಾಡಿಕೊಂಡರು. 2020ರ ಆಗಸ್ಟಿನಲ್ಲಿ ಪ್ರಕಟಿಸಿದಾಗಲೂ ಹೇಳಿದ್ದು ಇಷ್ಟೇ: ಈ ಒಂದು ಗ್ಯಾಲಕ್ಸಿಯಿಂದ ಅಂಥ ಬೆಳಕಿನ ಕನಿಷ್ಠ ಶೇಕಡಾ 20 ಪಾಲು ಹೊರಬರುತ್ತಿದೆ. ಮೊದಲ ಗ್ಯಾಲಕ್ಸಿಗಳ ಈ ಬೆಳಕು ದಾರಿಯ ಹೈಡ್ರೋಜನ್‌ನಲ್ಲೇ ಹೀರಿಹೋಗುವುದರಿಂದ ನಮ್ಮನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಇಂಥ ಈಚಿನವನ್ನೇ ನೋಡಿ ಅವುಗಳನ್ನು ಊಹಿಸಬೇಕು. ಒಂದು ಬಿಲ್ ಸಿಕ್ಕರೆ ಇಡೀ ವರ್ಷದ ಜಮಾ-ಖರ್ಚು ಮುಗಿಯಲಿಲ್ಲ.

ಗೆಳೆಯರೆ, ಈ ಮಾತನ್ನೆಲ್ಲ ಕನ್ನಡದಲ್ಲಿ ಹೇಳಲು ಬರುತ್ತದೆ. ಕನ್ನಡ ಶಾಲೆಯಿಂದ ಈ ಊರಿನ ಕಾಲೇಜಿಗೆ ಬಂದ ನಮಗೆ ವಿಜ್ಞಾನ ಅಂದರೆ ಇಂಗ್ಲಿಷಿನವರ ಸೊತ್ತು ಅನ್ನಿಸುವುದುಂಟು. ನಮ್ಮ ಸಂಘದ ಪತ್ರಿಕೆ ಪ್ರತಿ ಸಂಚಿಕೆಯಲ್ಲೂ ಎರಡು ಪುಟ ಇದಕ್ಕೆ ಮೀಸಲಿಡಲಿ. ಕವನಗಳು ಮುನಿಸಿಕೊಳ್ಳಲಾರವು.