ನೊಣದ ಇನ್ನೆರಡು ರೆಕ್ಕೆ ಎಲ್ಲಿ?

ಅಡುಗೆಮನೆಯಲ್ಲಿ ಬಾಳೆಹಣ್ಣು ಕಳಿತರೆ ಸಾಕು, ಎಲ್ಲಿಂದಲೋ ಹಣ್ಣುನೊಣಗಳು ಬಂದು ಸುತ್ತತೊಡಗುತ್ತವೆ. ಓಡಿಸುವ ಮೊದಲು ಒಮ್ಮೆ ಅವುಗಳ ರೆಕ್ಕೆ ಎಣಿಸಿ. ಚಿಟ್ಟೆಗೆ, ಜೇನುಹುಳಕ್ಕೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಕುಗ್ಗಿ, ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿಗಳಾಗಿದೆ. ಹಾಲ್ಟಿಯರ್ ಎಂಬ ಈ ಅಂಗ ಹಾರುವಾಗ ರೆಕ್ಕೆಯೊಡನೆ ಬಡಿಯುತ್ತಾ, ಮೈ ಯಾವ ಕಡೆ ವಾಲಿತೆಂದು ನೊಣಕ್ಕೆ ತಿಳಿಸುತ್ತದೆ.

1915ರಲ್ಲಿ ಅಮೆರಿಕದ ಕ್ಯಾಲ್ವಿನ್ ಬ್ರಿಡ್ಜಸ್ ಅವರಿಗೆ ಹಾಲ್ಟಿಯರ್ ಅರೆಬರೆ ರೆಕ್ಕೆಯಂತಾಗಿದ್ದ ಹಣ್ಣುನೊಣ ಸಿಕ್ಕಿತು. ಅದೇ ಜಾಡು ಹಿಡಿದ ಎಡ್ವರ್ಡ್ ಲೂಯಿಸ್ ದಶಕಗಳ ಕಾಲ ನೊಣಗಳ ತಳಿ ಬೆರೆಸಿ, ಪೂರ್ತಿ ನಾಲ್ಕು ರೆಕ್ಕೆಯ ನೊಣವನ್ನೇ ಪಡೆದರು. ಪಾಪ, ಅದಕ್ಕೆ ಹಾರಲು ಬರುತ್ತಿರಲಿಲ್ಲ! ಲೂಯಿಸ್ ಅವರಿಗೆ ಮಾತ್ರ 1995ರ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಇದರ ಗುಟ್ಟು ಅಲ್ಟ್ರಾಬೈಥೊರ್ಯಾಕ್ಸ್ ಎಂಬ ಜೀನ್. ನೊಣದ ಎದೆಯ ಮೂರನೇ ಖಂಡದಲ್ಲಿ ಈ ಸ್ವಿಚ್ ಆನ್ ಆದರೆ ಹಾಲ್ಟಿಯರ್ ಬೆಳೆಯುತ್ತದೆ. ಕೆಟ್ಟುಹೋದರೆ ಆ ಖಂಡ ಎರಡನೆಯದರ ನಕಲಾಗಿ, ಅಲ್ಲೂ ರೆಕ್ಕೆ ಮೂಡುತ್ತದೆ.

ಹಾಗಾದರೆ ಜೇನುಹುಳಕ್ಕೆ ಈ ಜೀನ್ ಇಲ್ಲವೇ? ಇದೆ, ಅದೇ ಜಾಗದಲ್ಲಿ ಆನ್ ಕೂಡ ಆಗುತ್ತದೆ. ಆದರೂ ಹಿಂದಿನ ರೆಕ್ಕೆ ಬೆಳೆಯುತ್ತದೆ. ಪುಣೆಯ ಐಸರ್‌ನಲ್ಲಿ ಎಲ್.ಎಸ್. ಶಶಿಧರ ಮತ್ತು ಸಂಗಡಿಗರು ಜೇನುಹುಳದ ಮತ್ತು ರೇಷ್ಮೆಹುಳದ ಈ ಜೀನನ್ನು ಹಣ್ಣುನೊಣದೊಳಗೆ ಸೇರಿಸಿ ನೋಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತನ್ನ ಮನೆಯಲ್ಲಿ ರೆಕ್ಕೆಗೆ ಅಡ್ಡಬರದ ಜೀನ್, ನೊಣದ ಮನೆಯಲ್ಲಿ ರೆಕ್ಕೆಯನ್ನು ತಡೆಯಿತು! ಅಂದರೆ ಸ್ವಿಚ್ ಬಹುಮಟ್ಟಿಗೆ ಹಳೆಯದೇ. ಅದು ಯಾವ ಯಾವ ಜೀನ್‌ಗಳನ್ನು ಹೇಗೆ ನಿಯಂತ್ರಿಸುತ್ತದೆ ಎಂಬ ವೈರಿಂಗ್ ಬದಲಾಗಿದೆ.

ಗೋಧಿಹಿಟ್ಟಿನ ಡಬ್ಬಿಯಲ್ಲಿ ಸಿಗುವ ಕೆಂಪು ಹುಳದಲ್ಲಿ ಕಥೆ ಇನ್ನೂ ತಿರುವುಮುರುವು. ಅದರ ಮುಂದಿನ ರೆಕ್ಕೆಗಳು ಗಟ್ಟಿ ಚಿಪ್ಪು, ಹಿಂದಿನವು ಹಾರುವ ತೆಳು ರೆಕ್ಕೆ. ಇಲ್ಲಿ ಈ ಜೀನ್ ಕೆಲಸ ನಿಲ್ಲಿಸಿದರೆ ಹಿಂದಿನವೂ ಚಿಪ್ಪಾಗುತ್ತವೆ. ನೊಣದಲ್ಲಿ ರೆಕ್ಕೆ ಕುಗ್ಗಿಸುವ ಜೀನೇ ಇಲ್ಲಿ ಹಾರುವ ರೆಕ್ಕೆಯನ್ನು ಉಳಿಸುತ್ತದೆ.

ಹೊಸ ದೇಹಕ್ಕೆ ಪ್ರತಿಸಲ ಹೊಸ ಜೀನ್ ಬೇಕಿಲ್ಲ. ಹಳೆಯದಕ್ಕೇ ಹೊಸ ಕೆಲಸ ಒಪ್ಪಿಸಿದರೆ ಸಾಕು. ಆಳು ಅದೇ, ಊರು ಬೇರೆಯಾದಾಗ ಕೆಲಸ ಬೇರೆ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಈ ಸಲ ಹಿಟ್ಟು ಜರಡಿ ಹಿಡಿಯುವಾಗ ಆ ಕೆಂಪು ಹುಳವನ್ನು ಒಂದು ಗಳಿಗೆ ನೋಡಿ, ಆಮೇಲೆ ಆಚೆ ಹಾಕಿ.