ಸ್ಮಾರಕದ ಮುಂದೆ ನಮ್ಮ ಮಕ್ಕಳು

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಮೇಲೆ, ಅದರ ನಡುವಿನಿಂದ 12 ಕಲ್ಲುಗಳನ್ನು ತೆಗೆದು ಗಿಲ್ಗಾಲಿನಲ್ಲಿ ನಿಲ್ಲಿಸಿದ ಸಂಗತಿಯನ್ನು ಸತ್ಯವೇದದಲ್ಲಿ ಓದುತ್ತೇವೆ. ಮುಂದೆ ಮಕ್ಕಳು ಆ ಕಲ್ಲುಗಳ ಅರ್ಥವನ್ನು ಕೇಳುವರೆಂದೂ, ಆಗ ಹಿರಿಯರು ತಕ್ಕ ಉತ್ತರವನ್ನು ಕೊಡತಕ್ಕದ್ದೆಂದೂ ಯೆಹೋಶುವನು ವಿಧಿಸಿದನು. ಕೇಳುವವರೂ ಹೇಳುವವರೂ ಇಲ್ಲದಲ್ಲಿ ಸ್ಮಾರಕವು ಬರಿಯ ಕಲ್ಲಾಗಿಯೇ ಉಳಿಯುವುದು.

ನಮ್ಮ ಕಾಫಿ ಸೀಮೆಗೂ ಒಂದು ಸ್ಮಾರಕವು ದೊರೆತಿದೆ. ಚಾರ್ಮಾಡಿ ಘಟ್ಟದ ನೆತ್ತಿಯ ಕೊಟ್ಟಿಗೆಹಾರದಲ್ಲಿ, ಕಳಸದ ಕಡೆಗೆ ದಾರಿ ಒಡೆಯುವೆಡೆ, ಶ್ರೀ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. 1938ರಲ್ಲಿ ಜನಿಸಿದ ಈ ಕುವೆಂಪು ಪುತ್ರರು ಪಟ್ಟಣದ ಉದ್ಯೋಗವನ್ನು ಬಯಸದೆ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಕಥೆ ಕಾದಂಬರಿಗಳನ್ನೂ ಪತ್ರಿಕೆಗಳಿಗೆ ಲೇಖನಗಳನ್ನೂ ಬರೆಯುತ್ತ, 2007ನೆಯ ಏಪ್ರಿಲ್ 5ರಂದು ಗತಿಸುವವರೆಗೂ ಇಲ್ಲಿಯೇ ಬಾಳಿದರು. 1980ರಲ್ಲಿ ಪ್ರಕಟವಾದ 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನರಸುವ ವಿಜ್ಞಾನಿಗೆ ಜೇನು ಹಿಡಿಯುವ ಹಳ್ಳಿಗ ಮಂದಣ್ಣನೇ ಸಹಾಯಕನು. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು.

ಮಿಶನ್ ಶಾಲೆಯವರಾದ ನಮಗೆ ಇನ್ನೊಂದು ನೆನಪೂ ಬರುತ್ತದೆ. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಆ ದಿನವನ್ನು ನಾಡು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತದೆ. ಆ ಕಲ್ಲು ಮಾತನಾಡಿದ್ದು ಓದುವವರಿದ್ದುದರಿಂದಲ್ಲವೇ?

ಇಂದು ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಕನ್ನಡವನ್ನಾಡಿಯೂ ಅದರ ಒಂದು ಪುಟವನ್ನು ತಡವರಿಸದೆ ಓದಲಾರದ ಹುಡುಗಿಯರಿದ್ದಾರೆ. ಇಂಗ್ಲಿಷನ್ನು ನಾವು ದೂರುವುದಿಲ್ಲ. ಅದನ್ನು ನಾವೂ ಕಲಿಸುತ್ತೇವೆ. ಆದರೆ ತನ್ನ ತೋಟದ ಹಕ್ಕಿ, ಹುಳು, ಗಿಡಗಳನ್ನು ಕುರಿತು ತನ್ನ ನುಡಿಯಲ್ಲೇ ಬರೆದವರನ್ನು ಓದಲಾರದ ಮಗುವಿಗೆ ಕೊಟ್ಟಿಗೆಹಾರದ ಫಲಕವು ಏನು ಹೇಳೀತು? ಈ ಕೊರತೆಯಲ್ಲಿ ಶಾಲೆಯ ಪಾಲೂ ಉಂಟೆಂದು ಒಪ್ಪುತ್ತೇವೆ.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೊದಲು ಮನೆಯಲ್ಲಿ 'ಕರ್ವಾಲೊ'ದ ಒಂದು ಅಧ್ಯಾಯವನ್ನಾದರೂ ಗಟ್ಟಿಯಾಗಿ ಓದಿಸಿರಿ. ಹಿಂದಿರುಗಿದ ಮೇಲೆ ದಾರಿಯಲ್ಲಿ ಕಂಡ ಹಕ್ಕಿ ಮರಗಳ ಹೆಸರನ್ನು ಬರೆಯಿಸಿರಿ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬರುವಾಗ ಹೂಮಾಲೆಯ ಬದಲು ವಾಚನಾಲಯಕ್ಕೆ ಒಂದು ಕನ್ನಡ ಪುಸ್ತಕವನ್ನು ತನ್ನಿರಿ. "ಇವರು ಯಾರಮ್ಮಾ?" ಎಂದು ಮಗಳು ಆ ಬಾಗಿಲಲ್ಲಿ ಕೇಳಿದಾಗ, ನಮ್ಮ ಶಾಲೆಯಲ್ಲಿ ಕಲಿತ ತಾಯಿಯು ನಿರುತ್ತರಳಾಗದಿರಲೆಂದು ಪ್ರಾರ್ಥಿಸುತ್ತೇವೆ.